ಯೂರೋಪಿನ ಷೇರು, ಚೆನ್ನೈನ ರಾತ್ರಿ ಶಿಫ್ಟ್: ಸೆಟಲ್‌ಮೆಂಟ್ ಅಂದ್ರೆ ಏನು, ಟಿ+1 ಬಂದ್ರೆ ಏನಾಗುತ್ತೆ?

ಇದು ಈ ವಾರದ ವಿಡಿಯೊದ ಬರಹ ರೂಪ. ಮಾತಾಡಿದ್ದನ್ನು ಅಲ್ಲಲ್ಲಿ ತಿದ್ದಿದ್ದೇವೆ, ಲೆಕ್ಕ ಇರೋ ಕಡೆ ನಿಧಾನವಾಗಿ ಓದೋಕೆ ಆಗಲಿ ಅಂತ ಸ್ವಲ್ಪ ಬಿಡಿಸಿ ಬರೆದಿದ್ದೇವೆ.

ಓಎಂಆರ್, ತರಮಣಿ, ಪೋರೂರು ಕಡೆ ಕೆಲಸ ಮಾಡೋ ನಮ್ಮ ಕನ್ನಡದವರಲ್ಲಿ ಒಂದು ದೊಡ್ಡ ಗುಂಪು ಇದೆ. "ಏನ್ ಕೆಲಸ?" ಅಂತ ಊರಲ್ಲಿ ಯಾರಾದ್ರೂ ಕೇಳಿದ್ರೆ "ಬ್ಯಾಂಕಲ್ಲಿ, ಸಾಫ್ಟ್‌ವೇರ್" ಅಂತ ಹೇಳಿ ಸುಮ್ಮನಾಗ್ತಾರೆ. ಯಾಕಂದ್ರೆ ನಿಜವಾದ ಕೆಲಸವನ್ನು ವಿವರಿಸೋಕೆ ಅರ್ಧ ಗಂಟೆ ಬೇಕು. ಪ್ಯಾರಿಸ್‌ನಲ್ಲೋ ಲಕ್ಸೆಂಬರ್ಗ್‌ನಲ್ಲೋ ಇರೋ ಒಂದು ಮ್ಯೂಚುವಲ್ ಫಂಡ್ ಜರ್ಮನಿಯ ಷೇರು ತಗೊಳ್ಳುತ್ತೆ. ಆ ಷೇರು ಫಂಡ್‌ನ ಖಾತೆಗೆ ಬಂತಾ, ದುಡ್ಡು ಹೋಯ್ತಾ, ಬಂದಿಲ್ಲ ಅಂದ್ರೆ ಯಾಕೆ ಬಂದಿಲ್ಲ ಅಂತ ನೋಡೋ ಜನ ಚೆನ್ನೈನಲ್ಲಿ ಕೂತಿದ್ದಾರೆ. ಬಿಎನ್‌ಪಿ ಪರಿಬಾ ತನ್ನ ಸೆಕ್ಯುರಿಟೀಸ್ ಆಪರೇಷನ್ಸ್‌ನ ದೊಡ್ಡ ಘಟಕ ಇಟ್ಟಿರೋದು ಚೆನ್ನೈನಲ್ಲಿ. ಅಮೆರಿಕದ ಡಿಟಿಸಿಸಿಗೂ ಇಲ್ಲಿ ಕಚೇರಿ ಇದೆ, ಬಿಎನ್‌ವೈಗೂ ಇದೆ. ಆ ಕೋಡ್ ಬರೆಯೋರು, ಟೆಸ್ಟ್ ಮಾಡೋರು, ಪ್ರೊಡಕ್ಷನ್ ಸಪೋರ್ಟ್ ನೋಡೋರು ಅಕ್ಕಪಕ್ಕದ ಕಟ್ಟಡಗಳಲ್ಲಿ ಇದ್ದಾರೆ.

ಈ ಎಲ್ಲರಿಗೂ ಸಂಬಂಧಪಟ್ಟ ಒಂದು ದಿನಾಂಕ ಇದೆ: 2027ರ ಅಕ್ಟೋಬರ್ 11, ಸೋಮವಾರ. ಅವತ್ತಿನಿಂದ ಯೂರೋಪಿಯನ್ ಒಕ್ಕೂಟ, ಬ್ರಿಟನ್, ಸ್ವಿಟ್ಜರ್ಲೆಂಡ್ ಮೂರೂ ಒಟ್ಟಿಗೆ ಟಿ+2ರಿಂದ ಟಿ+1ಕ್ಕೆ ಬರ್ತಾವೆ. ಅಂದ್ರೆ ಇವತ್ತು ವ್ಯಾಪಾರ ಆದ್ರೆ ನಾಳೆ ಷೇರು, ದುಡ್ಡು ಎರಡೂ ಕೈ ಬದಲಾಗಬೇಕು. ಈಗ ಒಂದು ದಿನ ಹೆಚ್ಚು ಸಿಗ್ತಾ ಇದೆ, ಆ ದಿನ ಹೋಗುತ್ತೆ. ಒಂದು ದಿನ ತಾನೇ ಅನ್ನಿಸಬಹುದು. ಆ ಒಂದು ದಿನದೊಳಗೆ ಏನೇನು ನಡೀತಾ ಇತ್ತು ಅನ್ನೋದೇ ಇವತ್ತಿನ ವಿಷಯ.

ಒಂದು ವ್ಯಾಪಾರದ ದಾರಿ

ಉದಾಹರಣೆ ತಗೊಳ್ಳೋಣ. ಪ್ಯಾರಿಸ್‌ನ ಒಂದು ಅಸೆಟ್ ಮ್ಯಾನೇಜರ್ ಕಂಪನಿ 14 ಫಂಡ್ ನಡೆಸುತ್ತೆ ಅಂದ್ಕೊಳ್ಳಿ. ಫಂಡ್ ಮ್ಯಾನೇಜರ್ ಒಂದು ಜರ್ಮನ್ ಕಂಪನಿಯ 1,40,000 ಷೇರು ಬೇಕು ಅಂತಾರೆ. ಟ್ರೇಡರ್ ಲಂಡನ್‌ನ ಬ್ರೋಕರ್‌ಗೆ ಒಂದೇ ಆರ್ಡರ್ ಕೊಡ್ತಾರೆ. ಆರ್ಡರ್ ತುಂಬಿತು. ಕ್ಷಣಗಳ ಕೆಲಸ. ಟಿವಿಯಲ್ಲಿ ತೋರಿಸೋ ಷೇರು ಮಾರುಕಟ್ಟೆ ಇಲ್ಲಿಗೆ ಮುಗೀತು.

ನಮ್ಮ ಕೆಲಸ ಇಲ್ಲಿಂದ ಶುರು. ಮೊದಲು ಆ 1,40,000 ಷೇರನ್ನು 14 ಫಂಡ್‌ಗಳಿಗೆ ಹಂಚಬೇಕು. ಇದಕ್ಕೆ ಅಲೊಕೇಷನ್ ಅಂತಾರೆ. ಬ್ರೋಕರ್ ಅದನ್ನು ನೋಡಿ "ಸರಿ, ಈ ಬೆಲೆ, ಈ ಕಮಿಷನ್" ಅಂತ ಕನ್ಫರ್ಮ್ ಮಾಡಬೇಕು. ಆಮೇಲೆ ಪ್ರತಿ ಫಂಡ್‌ನ ಆಸ್ತಿ ಕಾಯೋ ಕಸ್ಟೋಡಿಯನ್ ಬ್ಯಾಂಕ್‌ಗೆ ಸೂಚನೆ ಹೋಗಬೇಕು: ಇಷ್ಟು ಷೇರು ತಗೋ, ಇಷ್ಟು ದುಡ್ಡು ಕೊಡು. ಸ್ವಿಫ್ಟ್ ಭಾಷೆಯಲ್ಲಿ ಇದೇ ಎಂಟಿ 541. ಮಾರೋದಾದ್ರೆ ಎಂಟಿ 543. 14 ಫಂಡ್‌ಗೂ ಒಬ್ಬನೇ ಕಸ್ಟೋಡಿಯನ್ ಇರೋದು ಅಪರೂಪ, ಮೂರು ನಾಲ್ಕು ಬ್ಯಾಂಕ್ ಇರುತ್ತೆ. ಆ ಬ್ಯಾಂಕ್ ತನ್ನ ಸೂಚನೆಯನ್ನು ಜರ್ಮನಿಯ ಡೆಪಾಸಿಟರಿಗೆ, ಅಂದ್ರೆ ಫ್ರಾಂಕ್‌ಫರ್ಟ್‌ನ ಕ್ಲಿಯರ್‌ಸ್ಟ್ರೀಮ್‌ಗೆ ಕಳಿಸುತ್ತೆ. ಬ್ರೋಕರ್ ಕಡೆಯಿಂದಲೂ ಅದೇ ಥರ ಒಂದು ಸೂಚನೆ ಅಲ್ಲಿಗೆ ಬರುತ್ತೆ.

ಎರಡೂ ಸೂಚನೆ ಹೊಂದಬೇಕು. ಇದೇ ಮ್ಯಾಚಿಂಗ್. ಮದುವೆಗೆ ಹುಡುಗನ ಕಡೆಯವರು ಒಂದು ಲಗ್ನಪತ್ರಿಕೆ, ಹುಡುಗಿ ಕಡೆಯವರು ಇನ್ನೊಂದು ಲಗ್ನಪತ್ರಿಕೆ ಮಾಡಿಸ್ತಾರಲ್ಲ, ಹಾಗೆ. ಹೆಸರು, ತಾರೀಕು, ಮುಹೂರ್ತ, ಛತ್ರ ಎಲ್ಲಾ ಎರಡರಲ್ಲೂ ಒಂದೇ ಇರಬೇಕು. ಒಬ್ಬರು ಮಲ್ಲೇಶ್ವರದ ಛತ್ರ ಅಂತ, ಇನ್ನೊಬ್ಬರು ಮೈಲಾಪುರದ ಮಂಟಪ ಅಂತ ಹಾಕ್ಸಿದ್ರೆ ಎರಡೂ ಕಡೆ ಜನ ರೇಷ್ಮೆ ಉಟ್ಟು ಕಾಯ್ತಾರೆ, ಮದುವೆ ಮಾತ್ರ ಆಗಲ್ಲ. ಇಲ್ಲಿ ಹೊಂದಬೇಕಾದ್ದು ಷೇರಿನ ಐಎಸ್‌ಐಎನ್ ಸಂಖ್ಯೆ, ಎಷ್ಟು ಷೇರು, ಎಷ್ಟು ದುಡ್ಡು, ವ್ಯಾಪಾರದ ದಿನ, ಸೆಟಲ್‌ಮೆಂಟ್ ದಿನ, ಎರಡೂ ಕಡೆಯ ಬ್ಯಾಂಕ್‌ಗಳ ಕೋಡ್, ಡೆಪಾಸಿಟರಿ. ದುಡ್ಡಿನಲ್ಲಿ ಮಾತ್ರ ಚೂರು ರಿಯಾಯಿತಿ ಇದೆ: 1 ಲಕ್ಷ ಯೂರೋವರೆಗೆ 2 ಯೂರೋ, ಅದಕ್ಕಿಂತ ಹೆಚ್ಚಿನ ಮೊತ್ತಕ್ಕೆ 25 ಯೂರೋ ವ್ಯತ್ಯಾಸ ಇದ್ರೆ ಬಿಡ್ತಾರೆ. ಮಿಕ್ಕಿದ್ದರಲ್ಲಿ ಒಂದು ಅಕ್ಷರ ಆಚೀಚೆ ಆದ್ರೂ ಇಲ್ಲ.

ಮ್ಯಾಚ್ ಆದ ಮೇಲೆ ಸೆಟಲ್‌ಮೆಂಟ್: ಷೇರು ಆ ಕಡೆಯಿಂದ ಈ ಕಡೆಗೆ, ದುಡ್ಡು ಈ ಕಡೆಯಿಂದ ಆ ಕಡೆಗೆ, ಒಂದೇ ಕ್ಷಣದಲ್ಲಿ. ಒಂದು ಹೋಗಿ ಇನ್ನೊಂದು ನಿಲ್ಲೋ ಹಾಗಿಲ್ಲ. ಈ ಕಟ್ಟುನಿಟ್ಟು ಸುಮ್ಮನೆ ಬಂದಿದ್ದಲ್ಲ. 1974ರ ಜೂನ್ 26ರಂದು ಜರ್ಮನಿಯ ಹೆರ್‌ಸ್ಟಾಟ್ ಬ್ಯಾಂಕ್ ಅನ್ನು ಸಂಜೆ ಮುಚ್ಚಿಸಿದಾಗ, ಅದಕ್ಕೆ ಆಗಲೇ ಮಾರ್ಕ್ ಕೊಟ್ಟಿದ್ದ ಬ್ಯಾಂಕ್‌ಗಳಿಗೆ ನ್ಯೂಯಾರ್ಕ್‌ನಲ್ಲಿ ಬರಬೇಕಾಗಿದ್ದ ಡಾಲರ್ ಬರಲೇ ಇಲ್ಲ. ನಮ್ಮಲ್ಲಿ 1992ರ ಹರ್ಷದ್ ಮೆಹ್ತಾ ಹಗರಣದ ಬುಡದಲ್ಲಿ ಇದ್ದದ್ದೂ ಇದೇ ಥರದ ಸಡಿಲ. ಸರ್ಕಾರಿ ಸಾಲಪತ್ರದ ಬದಲು ಬ್ಯಾಂಕ್ ರಸೀದಿ ಅಂತ ಒಂದು ಕಾಗದ ಓಡಾಡ್ತಾ ಇತ್ತು, ಕಾಗದದ ಹಿಂದೆ ಸಾಲಪತ್ರ ಇದೆಯಾ ಅಂತ ಯಾರೂ ನೋಡಲಿಲ್ಲ. ವೆಬ್ ಸೀರೀಸ್ ನೋಡಿದವರಿಗೆ ಮೆಹ್ತಾನ ಲೆಕ್ಸಸ್ ಕಾರ್ ನೆನಪಿರುತ್ತೆ, ಸೆಟಲ್‌ಮೆಂಟ್ ನೆನಪಿರಲ್ಲ!

ಯೂರೋಪ್ ಯಾಕೆ ಇಷ್ಟು ಗೋಜಲು?

ಭಾರತದಲ್ಲಿ ಡೆಪಾಸಿಟರಿ ಎರಡೇ. 1996ರಲ್ಲಿ ಬಂದ ಎನ್‌ಎಸ್‌ಡಿಎಲ್, 1999ರಲ್ಲಿ ಬಂದ ಸಿಡಿಎಸ್‌ಎಲ್. ಕರೆನ್ಸಿ ಒಂದು, ನಿಯಂತ್ರಕ ಸೆಬಿ ಒಂದು. ಯೂರೋಪಿನಲ್ಲಿ ಹೆಚ್ಚು ಕಡಿಮೆ ಪ್ರತಿ ದೇಶಕ್ಕೂ ಒಂದು ಡೆಪಾಸಿಟರಿ, ಅದರ ಮೇಲೆ ಯೂರೋಕ್ಲಿಯರ್ ಬ್ಯಾಂಕ್ ಮತ್ತು ಲಕ್ಸೆಂಬರ್ಗ್‌ನ ಕ್ಲಿಯರ್‌ಸ್ಟ್ರೀಮ್ ಅನ್ನೋ ಎರಡು ಅಂತರರಾಷ್ಟ್ರೀಯ ಡೆಪಾಸಿಟರಿ. ಒಂದೊಂದು ದೇಶದ ಕಂಪನಿ ಕಾನೂನು ಒಂದೊಂದು, ತೆರಿಗೆ ಒಂದೊಂದು. ಯೂರೋ ನೋಟು ಒಂದೇ ಆಗಿದ್ರೂ ಷೇರು ಗಡಿ ದಾಟೋದು ಕಷ್ಟ ಆಗಿತ್ತು. 2001ರಲ್ಲಿ ಆಲ್ಬರ್ಟೊ ಜೊವನ್ನೀನಿ ಅನ್ನೋ ಅರ್ಥಶಾಸ್ತ್ರಜ್ಞರ ನೇತೃತ್ವದ ಸಮಿತಿ ಕೂತು ಇಂಥ 15 ಅಡ್ಡಿಗಳನ್ನು ಪಟ್ಟಿ ಮಾಡಿತು. ಈ ಕ್ಷೇತ್ರದಲ್ಲಿ "ಜೊವನ್ನೀನಿ ಬ್ಯಾರಿಯರ್ಸ್" ಅಂತ ಈಗಲೂ ಕೇಳ್ತೀರಿ.

ತಾಂತ್ರಿಕ ಅಡ್ಡಿಗಳಿಗೆ ಒಂದು ದೊಡ್ಡ ಉತ್ತರ ಅಂದ್ರೆ ಟಿ2ಎಸ್. 2015ರ ಜೂನ್‌ನಲ್ಲಿ ಶುರುವಾಯ್ತು, 2017ರ ಹೊತ್ತಿಗೆ ಮೊದಲ ಎಲ್ಲಾ ತಂಡಗಳೂ ಸೇರಿದವು. ಜರ್ಮನಿ, ಫ್ರಾನ್ಸ್, ಇಟಲಿ, ಸ್ಪೇನ್‌ನ ಕೇಂದ್ರ ಬ್ಯಾಂಕ್‌ಗಳು ಇದನ್ನು ಕಟ್ಟಿ ನಡೆಸ್ತಾ ಇವೆ. 20ಕ್ಕೂ ಹೆಚ್ಚು ದೇಶಗಳ ಡೆಪಾಸಿಟರಿಗಳು ತಮ್ಮ ಸೆಟಲ್‌ಮೆಂಟ್ ಎಂಜಿನ್ ಬಿಟ್ಟು ಈ ಒಂದೇ ಎಂಜಿನ್ ಮೇಲೆ ಓಡ್ತಾವೆ. ಆದ್ರೆ ಸ್ವೀಡನ್, ಪೋಲೆಂಡ್ ಇದರಲ್ಲಿ ಇಲ್ಲ. ತೆರಿಗೆ ಅಡ್ಡಿ ಇನ್ನೂ ಹಾಗೇ ಇದೆ. ಡಿವಿಡೆಂಡ್ ಮೇಲೆ ಕಡಿದ ತೆರಿಗೆ ವಾಪಸ್ ಪಡೆಯೋದನ್ನು ಸುಲಭ ಮಾಡೋ ಫಾಸ್ಟರ್ ಅನ್ನೋ ನಿರ್ದೇಶನ 2024ರ ಡಿಸೆಂಬರ್‌ನಲ್ಲಿ ಪಾಸಾಯ್ತು, ಜಾರಿಗೆ ಬರೋದು 2030ಕ್ಕೆ. ಹೆಸರೇ ಫಾಸ್ಟರ್!

ನನ್ನ ಅಭಿಪ್ರಾಯ ಕೇಳಿದ್ರೆ, ಟಿ2ಎಸ್ ಕೊನೆಯ ಒಂದು ಕಿಲೋಮೀಟರ್ ಹೆದ್ದಾರಿ ಹಾಕಿತು. ಅಸೆಟ್ ಮ್ಯಾನೇಜರ್ ಮನೆಯಿಂದ ಹೆದ್ದಾರಿವರೆಗಿನ ರಸ್ತೆ ಗುಂಡಿ ತುಂಬಿಕೊಂಡು ಹಾಗೇ ಉಳೀತು. ಆ ಗುಂಡಿ ಮುಚ್ಚೋ ಕೆಲಸ ಇಷ್ಟು ವರ್ಷ ಮಾಡ್ತಾ ಬಂದಿರೋದು ಚೆನ್ನೈ, ಪುಣೆ, ಬೆಂಗಳೂರಿನ ಜನ, ಇಮೇಲ್ ಮತ್ತು ಎಕ್ಸೆಲ್ ಇಟ್ಕೊಂಡು.

ಗುಂಡಿಗಳು ಎಲ್ಲೆಲ್ಲಿ?

ಮೊದಲನೇದು ಎಸ್‌ಎಸ್‌ಐ. ಅಂದ್ರೆ "ನಮ್ಮ ಈ ಫಂಡ್‌ನ ಜರ್ಮನ್ ಷೇರು ಈ ಬ್ಯಾಂಕ್‌ನ ಈ ಖಾತೆಗೆ ಬರಬೇಕು" ಅನ್ನೋ ಸ್ಥಾಯಿ ವಿವರ. ನಮ್ಮ ಐಎಫ್‌ಎಸ್‌ಸಿ ಕೋಡ್, ಖಾತೆ ಸಂಖ್ಯೆ ಇದ್ದ ಹಾಗೆ, ಆದ್ರೆ ಫಂಡ್‌ಗೊಂದು, ದೇಶಕ್ಕೊಂದು, ಷೇರಿಗೊಂದು ಬಾಂಡ್‌ಗೊಂದು. 14 ಫಂಡ್, 20 ಮಾರುಕಟ್ಟೆ ಅಂದ್ರೆ ಗುಣಿಸಿ ನೋಡಿ, 280. ಷೇರು, ಬಾಂಡ್ ಬೇರೆ ಮಾಡಿದ್ರೆ ಅದರ ಎರಡರಷ್ಟು. ಕಸ್ಟೋಡಿಯನ್ ಒಂದು ದೇಶದಲ್ಲಿ ತನ್ನ ಸಬ್-ಕಸ್ಟೋಡಿಯನ್ ಬದಲಾಯಿಸಿದ್ರೆ ಆ ಸಾಲು ಪೂರ್ತಿ ಬದಲಾಗಬೇಕು. ಡಿಟಿಸಿಸಿಯ ಅಲರ್ಟ್ ಥರದ ಒಂದೇ ಕಡೆ ಇಡೋ ಭಂಡಾರ ಇದೆ, ಎಲ್ಲರೂ ಬಳಸಿದ್ರೆ ಸರಿ. ಇನ್ನೂ ಎಷ್ಟೋ ಕಡೆ ಪಿಡಿಎಫ್ ಮಾಡಿ ಮೇಲ್ ಹಾಕ್ತಾರೆ, ಬ್ರೋಕರ್ ಕಡೆಯವರು ಅದನ್ನು ನೋಡಿ ಕೈಯಲ್ಲಿ ಟೈಪ್ ಮಾಡ್ತಾರೆ. ಮೇಲ್‌ನಲ್ಲಿ ಬಂದ ಬದಲಾವಣೆ ನಿಜವೋ ವಂಚಕರದ್ದೋ ಅಂತ ಫೋನ್ ಮಾಡಿ ಖಚಿತ ಮಾಡ್ಕೋಬೇಕು. ಒಂದು ದಿನದಲ್ಲಿ ಇದೆಲ್ಲ ಆಗಲ್ಲ.

ಎರಡನೇದು ನನಗೆ ತುಂಬಾ ಇಷ್ಟವಾದ, ಅಂದ್ರೆ ತುಂಬಾ ಕಾಡೋ ಗುಂಡಿ: ಎಲ್ಲಿ ಸೆಟಲ್ ಆಗಬೇಕು ಅನ್ನೋದು. ಲಗ್ನಪತ್ರಿಕೆಯ ಛತ್ರ ಇದೇ. ಈ ಕೆಲಸದಲ್ಲಿರೋರು ಇದನ್ನು "ಪಿ-ಸೆಟ್" ಅಂತಾರೆ. ಇದರ ಪೂರ್ತಿ ಅವತಾರ ನೋಡಬೇಕು ಅಂದ್ರೆ ಇಟಿಎಫ್ ತಗೊಳ್ಳಿ. ಒಂದೇ ಇಟಿಎಫ್, ಒಂದೇ ಐಎಸ್‌ಐಎನ್, ಆದ್ರೆ ಲಂಡನ್, ಫ್ರಾಂಕ್‌ಫರ್ಟ್, ಮಿಲಾನ್ ಮೂರೂ ಕಡೆ ಲಿಸ್ಟ್ ಆಗಿರುತ್ತೆ. ಯಾವ ಮಾರುಕಟ್ಟೆಯಲ್ಲಿ ಕೊಂಡರು ಅನ್ನೋದರ ಮೇಲೆ ಯಾವ ಡೆಪಾಸಿಟರಿ ಅನ್ನೋದು ಬದಲಾಗಬಹುದು. ಬ್ರೋಕರ್ ಹತ್ತಿರ ಇಟಿಎಫ್ ಇದೆ, ಸುಳ್ಳಲ್ಲ. ಆದ್ರೆ ಅದು ಮಿಲಾನ್‌ನಲ್ಲಿ ಇದೆ, ಕೊಡಬೇಕಾದ್ದು ಫ್ರಾಂಕ್‌ಫರ್ಟ್‌ನಲ್ಲಿ. ಒಂದು ಡೆಪಾಸಿಟರಿಯಿಂದ ಇನ್ನೊಂದಕ್ಕೆ ಸಾಗಿಸೋಕೆ ಸಮಯ ಬೇಕು. ಚೆನ್ನೈನಲ್ಲಿ ಕೂತವರಿಗೆ ಕಾಣೋದು ಒಂದೇ: ಎಂಟಿ 548 ಬಂತು, ಕಾರಣ "ಕ್ಲ್ಯಾಕ್", ಎದುರಿನವರ ಬಳಿ ಷೇರು ಸಾಲದು. ಮೇಲ್ ಹಾಕಿದ್ರೆ ಅವರು "ನಮ್ಮ ಬಳಿ ಇದೆ" ಅಂತಾರೆ. ಎರಡೂ ನಿಜ!

ಮೂರನೇದು ಸಮಯ. ಈಗ ಅಲೊಕೇಷನ್ ಮರುದಿನ ಬೆಳಿಗ್ಗೆ ಬಂದರೂ ಹೇಗೋ ನಡೆಯುತ್ತೆ. ಎದುರಿನವರ ಸೂಚನೆಯೇ ಬಂದಿಲ್ಲ ಅಂತ ಬೆಳಿಗ್ಗೆ ಪಟ್ಟಿ ತೆಗೆದು, ಚೇಸ್ ಮಾಡಿ, ಸಂಜೆಯೊಳಗೆ ಮ್ಯಾಚ್ ಮಾಡಿಸ್ತಾರೆ. ಯೂರೋಪಿನ ಬ್ಯಾಂಕ್‌ಗಳ ಸಂಘಟನೆ ಎಎಫ್‌ಎಂಇ ಒಂದು ಲೆಕ್ಕ ಹೇಳಿದೆ: ಮಾರುಕಟ್ಟೆ ಮುಚ್ಚೋದಕ್ಕೂ ಸೆಟಲ್‌ಮೆಂಟ್ ಶುರುವಾಗೋದಕ್ಕೂ ನಡುವೆ ಟಿ+2ರಲ್ಲಿ ಕಚೇರಿ ಸಮಯದ 12 ಗಂಟೆ ಸಿಗುತ್ತೆ, ಟಿ+1ರಲ್ಲಿ 2 ಗಂಟೆ. ಅರ್ಧ ಆಗೋದಲ್ಲ, ಆರರಲ್ಲಿ ಒಂದು ಪಾಲು.

ಷೇರನ್ನು ಸಾಲ ಕೊಟ್ಟಿರೋ ಫಂಡ್‌ಗಳ ಕಥೆ ಬೇರೆ. ಮಾರಿದ ಮೇಲೆ ಸಾಲ ಕೊಟ್ಟಿದ್ದನ್ನು ವಾಪಸ್ ಕರೆಸಬೇಕು, ಅದಕ್ಕೂ ಅಷ್ಟೇ ಸಮಯ. ಅದನ್ನು ಇನ್ನೊಂದು ವಿಡಿಯೊಗೆ ಇಡ್ತೀನಿ.

ದಂಡದ ಲೆಕ್ಕ

ಸಮಯಕ್ಕೆ ಆಗದಿದ್ರೆ ಏನು? 2022ರ ಫೆಬ್ರವರಿ 1ರವರೆಗೆ ಹೆಚ್ಚಿನ ಕಡೆ ಬೈಗುಳ ಅಷ್ಟೇ. ಅವತ್ತಿನಿಂದ ಯೂರೋಪಿಯನ್ ಒಕ್ಕೂಟದಲ್ಲಿ ಸಿಎಸ್‌ಡಿಆರ್ ಕಾನೂನಿನ ದಂಡ ಜಾರಿಗೆ ಬಂತು. ಚೆನ್ನಾಗಿ ಕೈ ಬದಲಾಗೋ ಷೇರಿಗೆ ದಿನಕ್ಕೆ 1 ಬೇಸಿಸ್ ಪಾಯಿಂಟ್, ಅಂದ್ರೆ ಹತ್ತು ಸಾವಿರಕ್ಕೆ ಒಂದು. ಕಡಿಮೆ ವ್ಯಾಪಾರದ ಷೇರಿಗೆ ಅರ್ಧ, ಕಂಪನಿ ಬಾಂಡ್‌ಗೆ 0.20, ಸರ್ಕಾರಿ ಬಾಂಡ್‌ಗೆ 0.10.

ಕೈಯಲ್ಲಿ ಲೆಕ್ಕ ಹಾಕೋಣ. 100 ಯೂರೋ ಬೆಲೆಯ 10,000 ಷೇರು ಕೊಡಬೇಕಿತ್ತು, ಅಂದ್ರೆ 10 ಲಕ್ಷ ಯೂರೋ. ದಿನಕ್ಕೆ 100 ಯೂರೋ ದಂಡ. ನಾಲ್ಕು ದಿನಕ್ಕೆ 400. ಕೊಡಬೇಕಾದವರು ಕಟ್ಟಬೇಕು, ಕಾಯ್ತಾ ಕೂತವರಿಗೆ ಹೋಗುತ್ತೆ. ಈಗ ಮಾರೋರ ಬಳಿ 9,500 ಷೇರು ಇದೆ, 500 ಮಾತ್ರ ಇಲ್ಲ ಅಂದ್ಕೊಳ್ಳಿ. ಪಾರ್ಷಿಯಲ್ ಸೆಟಲ್‌ಮೆಂಟ್ ಆನ್ ಮಾಡಿದ್ರೆ ಟಿ2ಎಸ್ 9,500ನ್ನು ಸೆಟಲ್ ಮಾಡಿ 500ನ್ನು ಬಾಕಿ ಇಡುತ್ತೆ. ದಂಡ 50,000 ಯೂರೋ ಮೇಲೆ ಮಾತ್ರ, ದಿನಕ್ಕೆ 5 ಯೂರೋ. 100 ಎಲ್ಲಿ, 5 ಎಲ್ಲಿ! ಒಂದು ಸಂದೇಶದಲ್ಲಿ ಒಂದು ಗುರುತು ಹಾಕೋ ವಿಷಯ. ಹಾಗಿದ್ರೂ ಎಷ್ಟೋ ಫಂಡ್‌ಗಳು ಇದನ್ನು ಆಫ್ ಮಾಡಿ ಇಟ್ಟಿರುತ್ತವೆ. ಕಾರಣ ಕೇಳಿದ್ರೆ ತಮ್ಮ ಒಳಗಿನ ಅಕೌಂಟಿಂಗ್ ಸಿಸ್ಟಮ್ ಒಂದು ವ್ಯಾಪಾರಕ್ಕೆ ಎರಡು ಸೆಟಲ್‌ಮೆಂಟ್ ಬಂದ್ರೆ ಒಪ್ಪಲ್ಲ ಅಂತ. ಹಳೇ ಸಿಸ್ಟಮ್‌ನ ಹಠಕ್ಕೆ ದಂಡ ಕಟ್ಟೋದು ಅಂದ್ರೆ ಇದೇ.

ತಡವಾಗಿ ಮ್ಯಾಚ್ ಆದದ್ದಕ್ಕೆ ಬೇರೆ ದಂಡ ಇದೆ. ಅಲ್ಲಿ ನಿಯಮ ಸರಳ: ಯಾರ ಸೂಚನೆ ಕೊನೆಗೆ ಬಂತೋ ಅವರು ಕಟ್ಟಬೇಕು. ಹಿಂದಿನ ದಿನಗಳಿಗೂ ಸೇರಿಸಿ. ಆದ್ರೆ ಕೊನೆಗೆ ಬಂದವರದ್ದೇ ತಪ್ಪು ಅಂತ ಹೇಳೋಕಾಗಲ್ಲ. ಎದುರಿನವರು ತಪ್ಪು ಖಾತೆ ಸಂಖ್ಯೆ ಕೊಟ್ಟಿದ್ದಕ್ಕೆ ನೀವು ಸರಿ ಮಾಡಿ ಮತ್ತೆ ಕಳಿಸಿದ್ರೆ, ಕೊನೆಯವರು ನೀವೇ. ಆಗ ಕ್ಲೇಮ್ ಹಾಕ್ಬೇಕು. ತಿಂಗಳಿಗೊಮ್ಮೆ ಬರೋ ದಂಡದ ವರದಿ ನೋಡಿ, ಯಾವ ಫಂಡ್‌ದು, ಯಾರಿಂದ ವಸೂಲಿ ಅಂತ ಬಿಡಿಸೋಕೆ ಚೆನ್ನೈನಲ್ಲಿ ತಂಡಗಳೇ ಹುಟ್ಟಿಕೊಂಡವು. ದಂಡಕ್ಕಿಂತ ಅದನ್ನು ಹುಡುಕೋ ಮೇಲ್‌ಗಳೇ ದುಬಾರಿ ಅಂತ ಅಲ್ಲಿನವರ ತಮಾಷೆ. ಪೂರ್ತಿ ತಮಾಷೆಯಲ್ಲ.

ನಾವು ಹೇಗೆ ಮೊದಲೇ ಮುಟ್ಟಿದೆವು?

ಈ ಪ್ರಶ್ನೆ ತುಂಬಾ ಜನ ಕೇಳ್ತಾರೆ. ಭಾರತ 2002ರಲ್ಲಿ ಟಿ+3, 2003ರಲ್ಲಿ ಟಿ+2, 2022ರ ಫೆಬ್ರವರಿಯಿಂದ ಹಂತ ಹಂತವಾಗಿ ಶುರು ಮಾಡಿ 2023ರ ಜನವರಿ 27ಕ್ಕೆ ಎಲ್ಲಾ ಷೇರುಗಳಿಗೂ ಟಿ+1. ಅಮೆರಿಕ ಬಂದಿದ್ದು 2024ರ ಮೇ 28ಕ್ಕೆ. ಎದೆ ತಟ್ಟಿಕೊಳ್ಳೋಕೆ ಮುಂಚೆ ವ್ಯತ್ಯಾಸ ನೋಡಿ. ನಮ್ಮಲ್ಲಿ ಫಂಡ್ ಎಕ್ಸ್‌ಚೇಂಜ್‌ನಲ್ಲಿ ಷೇರು ಕೊಂಡರೆ, ಕಸ್ಟೋಡಿಯನ್ ಆ ವ್ಯಾಪಾರವನ್ನು ಒಪ್ಪಿಕೊಂಡ ಮೇಲೆ ಎದುರಿಗೆ ಇರೋದು ಕ್ಲಿಯರಿಂಗ್ ಕಾರ್ಪೊರೇಷನ್. ಬ್ರೋಕರ್ ಮತ್ತು ಫಂಡ್ ಎರಡು ಲಗ್ನಪತ್ರಿಕೆ ಅಚ್ಚು ಹಾಕಿಸಿ ಹೊಂದಿಸೋ ಪ್ರಮೇಯವೇ ಇಲ್ಲ. ಷೇರು ಬರದಿದ್ರೆ ಎಕ್ಸ್‌ಚೇಂಜ್ ಹರಾಜಿನಲ್ಲಿ ತಂದು ಕೊಡುತ್ತೆ. ಯೂರೋಪಿನಲ್ಲಿ ಬ್ರೋಕರ್ ಮತ್ತು ಫಂಡ್ ನಡುವಿನ ಆ ಕೊನೇ ಕೊಂಡಿ ಅವರಿಬ್ಬರ ನಡುವಿನ ನೇರ ವ್ಯವಹಾರ. ನಾನು ಇಷ್ಟು ಹೊತ್ತು ಹೇಳಿದ ತಲೆನೋವು ಪೂರ್ತಿ ಇರೋದು ಆ ಕೊಂಡಿಯಲ್ಲೇ.

ಆದ್ರೆ ಒಂದು ವಿಷಯದಲ್ಲಿ ಶಹಬ್ಬಾಸ್ ಅನ್ನಬೇಕು. ಸಂಸ್ಥೆಗಳ ಎಲ್ಲಾ ವ್ಯಾಪಾರಕ್ಕೂ ಕಾಂಟ್ರಾಕ್ಟ್ ನೋಟ್ ಎಲೆಕ್ಟ್ರಾನಿಕ್ ಆಗಿ, ಮನುಷ್ಯರ ಕೈ ತಾಗದ ಹಾಗೆ ಹೋಗಬೇಕು ಅಂತ ಸೆಬಿ ಕಡ್ಡಾಯ ಮಾಡಿದ್ದು 2004ರ ಜುಲೈ 1ರಿಂದ. ಬಳಸಿದ್ದು ಸ್ವಿಫ್ಟ್‌ನ ಅದೇ ಐಎಸ್‌ಒ 15022 ಮಾದರಿಯ ಸಂದೇಶಗಳು. ಯೂರೋಪಿನಲ್ಲಿ "ಯಂತ್ರ ಓದೋ ರೂಪದಲ್ಲೇ ಅಲೊಕೇಷನ್ ಕಳಿಸಿ" ಅಂತ ನಿಯಮ ತಿದ್ದೋ ಮಾತು ಬಂದಿದ್ದು ಟಿ+1 ತಯಾರಿಯ ಭಾಗವಾಗಿ, ಈಗ. ಪಿಡಿಎಫ್ ಮೇಲ್ ಹಾಕಿದ್ರೆ ಸಾಲದು. ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ಮಾತು.

ಇನ್ನೊಂದು ವ್ಯಂಗ್ಯ ಇದೆ. ಭಾರತ ಟಿ+1 ಅಂದಾಗ ವಿದೇಶಿ ಹೂಡಿಕೆದಾರರ ಸಂಘಟನೆಗಳು "ಕಾಲವಲಯ ಬೇರೆ, ನಮಗೆ ಕಷ್ಟ" ಅಂತ ಆಕ್ಷೇಪ ಎತ್ತಿದ್ದವು. ಈಗ ಆ ಕಾಲವಲಯದ ಭಾರ ತಿರುಗಿ ಬಂದು ಕೂರೋದು ಚೆನ್ನೈನ ಶಿಫ್ಟ್ ಪಟ್ಟಿಯ ಮೇಲೆ.

ಗಡಿಯಾರ

ಯೂರೋಪಿನ ಉದ್ಯಮ ಸಮಿತಿ 2025ರ ಜೂನ್ ಕೊನೆಗೆ ಟಿ+1ರ ಹಾದಿಯ ದಾಖಲೆ ಹೊರತಂದಿತು. ಅದರ ಎರಡು ಗಡುವು ನೆನಪಿಡಿ. ಅಲೊಕೇಷನ್, ಕನ್ಫರ್ಮೇಷನ್ ವ್ಯಾಪಾರದ ದಿನವೇ ರಾತ್ರಿ 11ರೊಳಗೆ ಮುಗೀಬೇಕು. ಸೆಟಲ್‌ಮೆಂಟ್ ಸೂಚನೆ ಡೆಪಾಸಿಟರಿಗೆ 11:59ರೊಳಗೆ ಮುಟ್ಟಬೇಕು. ಇದು ಮಧ್ಯ ಯೂರೋಪಿನ ಸಮಯ. ಬೇಸಿಗೆಯಲ್ಲಿ ಅವರು ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅಂದ್ರೆ ನಮಗೆ ಬೇಸಿಗೆಯಲ್ಲಿ ರಾತ್ರಿ 2:30 ಮತ್ತು 3:29, ಚಳಿಗಾಲದಲ್ಲಿ 3:30 ಮತ್ತು 4:29.

ಈಗಿನ ಪರಿಸ್ಥಿತಿ ಹೋಲಿಸಿ. ಟಿ2ಎಸ್‌ನಲ್ಲಿ ದುಡ್ಡಿನ ಜೊತೆಗಿನ ಸೆಟಲ್‌ಮೆಂಟ್‌ಗೆ ಕೊನೆಯ ಗಡುವು ಸಂಜೆ 4, ನಮಗೆ ಬೇಸಿಗೆಯಲ್ಲಿ 7:30, ಚಳಿಗಾಲದಲ್ಲಿ 8:30. ಯೂರೋಪ್ ಡೆಸ್ಕ್‌ನವರು ಮಧ್ಯಾಹ್ನ ಬಂದು, ರಾತ್ರಿ ಊಟದ ಹೊತ್ತಿಗೆ ಹೊರಡೋ ಶಿಫ್ಟ್ ಇದರ ಸುತ್ತಲೇ ಕಟ್ಟಿದ್ದು. ಮದುವೆಯಾದವರು, ಚಿಕ್ಕ ಮಕ್ಕಳಿರೋರು "ಅಮೆರಿಕ ಪ್ರಾಸೆಸ್ ಬೇಡ, ಯೂರೋಪ್ ಕೊಡಿ" ಅಂತ ಕೇಳಿ ಹಾಕಿಸಿಕೊಳ್ತಾ ಇದ್ದದ್ದು ಇದೇ ಕಾರಣಕ್ಕೆ. ಅಮೆರಿಕದ್ದು ಹೇಗಿದ್ರೂ ರಾತ್ರಿ ಪೂರ್ತಿ. ಅಲ್ಲಿನ ಟಿ+1ರಲ್ಲಿ ಅಫರ್ಮೇಷನ್ ಗಡುವು ರಾತ್ರಿ 9, ನಮಗೆ ಬೆಳಿಗ್ಗೆ ಆರೂವರೆ, ಏಳೂವರೆ.

ಹಾಗಾದ್ರೆ ಯೂರೋಪ್ ಡೆಸ್ಕ್ ಕೂಡ ರಾತ್ರಿ ಪಾಳಿ ಆಗುತ್ತಾ? ಎರಡು ದಾರಿ ಇದೆ. ಒಂದು, ಇರೋ ಕೆಲಸವನ್ನೇ ರಾತ್ರಿಗೆ ಎಳೆಯೋದು. ಇನ್ನೊಂದು, ರಾತ್ರಿ ಹೊತ್ತಿಗೆ ಕೈ ಹಾಕೋ ಕೆಲಸವೇ ಉಳೀದ ಹಾಗೆ ಆಟೊಮೇಟ್ ಮಾಡೋದು: ಎಸ್‌ಎಸ್‌ಐ ಒಂದೇ ಭಂಡಾರದಿಂದ ತಾನಾಗೇ ತುಂಬಬೇಕು, ಅಲೊಕೇಷನ್ ಆರ್ಡರ್ ಸಿಸ್ಟಮ್‌ನಿಂದ ನೇರ ಹೋಗಬೇಕು, ಕೇಂದ್ರ ಮ್ಯಾಚಿಂಗ್ ಆದ ಕೂಡಲೇ ಕಸ್ಟೋಡಿಯನ್‌ಗೆ ಸೂಚನೆ ತಾನಾಗೇ ಹುಟ್ಟಬೇಕು, ಪಿ-ಸೆಟ್ ಖಾಲಿ ಬಿಡೋ ಹಾಗಿರಬಾರದು. ಇದು ಯಾವುದೂ ಹೊಸ ತಂತ್ರಜ್ಞಾನ ಅಲ್ಲ. ನೂರು ಫಂಡ್ ಕಂಪನಿಯೂ ಅವರ ಎಲ್ಲಾ ಬ್ರೋಕರ್‌ಗಳೂ ಒಂದೇ ಥರ ಮಾಡಬೇಕು ಅನ್ನೋದಷ್ಟೇ ಕಷ್ಟ. ಒಬ್ಬ ದೊಡ್ಡ ಮ್ಯಾನೇಜರ್ ಎಷ್ಟೇ ಚೆನ್ನಾಗಿ ಆಟೊಮೇಟ್ ಮಾಡಿದ್ರೂ ಎದುರಿನ ಸಣ್ಣ ಬ್ರೋಕರ್ ಮೇಲ್ ನೋಡಿ ಟೈಪ್ ಮಾಡ್ತಾ ಇದ್ರೆ ಮ್ಯಾಚ್ ಆಗಲ್ಲ. ಅದಕ್ಕೇ ಆಟೊಮೇಷನ್ ಜೊತೆ ಹಾರ್ಮನೈಸೇಷನ್ ಅನ್ನೋ ಪದ ಯಾವಾಗಲೂ ಅಂಟಿಕೊಂಡು ಬರೋದು.

ಕೆಲಸ ಹೋಗುತ್ತಾ?

ಎಲ್ಲರ ಮನಸ್ಸಲ್ಲಿರೋದು ಇದೇ, ನೇರ ಹೇಳ್ತೀನಿ. ಬೆಳಿಗ್ಗೆ ಮ್ಯಾಚ್ ಆಗದ ವ್ಯಾಪಾರಗಳ ಪಟ್ಟಿ ತೆಗೆದು, ಅದೇ ಮಾದರಿಯ ಮೇಲ್ ನೂರು ಜನಕ್ಕೆ ಹಾಕಿ, ಉತ್ತರ ಬಂದದ್ದನ್ನು ಎಕ್ಸೆಲ್‌ನಲ್ಲಿ ತುಂಬೋ ಕೆಲಸ ಉಳಿಯಲ್ಲ. ಟಿ+1 ಬರದಿದ್ರೂ ಉಳೀತಾ ಇರಲಿಲ್ಲ, ಈಗ ತಾರೀಕು ಸಿಕ್ಕಿದೆ ಅಷ್ಟೇ. ಐದಾರು ವರ್ಷದಿಂದ ಅದೊಂದನ್ನೇ ಮಾಡ್ತಾ ಇರೋರು ಇದನ್ನು ಗಂಭೀರವಾಗಿ ತಗೋಬೇಕು.

ಉಳಿಯೋದು ಕಾರಣ ಹುಡುಕೋ ಕೆಲಸ. ಇಟಿಎಫ್ ಮಿಲಾನ್‌ನಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ "ಕ್ಲ್ಯಾಕ್" ಕೋಡ್ ನೋಡಿ ಊಹಿಸೋಕೆ ಅನುಭವ ಬೇಕು. ಡಿವಿಡೆಂಡ್ ಹತ್ತಿರದ ವ್ಯಾಪಾರ ಫೇಲ್ ಆದ್ರೆ ಡಿವಿಡೆಂಡ್ ಯಾರಿಗೆ ಅನ್ನೋದು ಬಿಡಿಸಬೇಕು. ಅದರಲ್ಲೂ ಟಿ+1ರಲ್ಲಿ ಎಕ್ಸ್-ಡೇಟ್, ರೆಕಾರ್ಡ್ ಡೇಟ್ ಎರಡೂ ಒಂದೇ ದಿನ ಆಗುತ್ತೆ, ನಮ್ಮಲ್ಲಿ ಆದ ಹಾಗೆ. ಆ ಒಂದು ದಿನದ ಅಂತರ ನಂಬಿ ಬರೆದ ಕೋಡ್ ಎಲ್ಲೆಲ್ಲಿ ಅಡಗಿದೆಯೋ, ಡೆವಲಪರ್‌ಗಳೇ, ಹುಡುಕೋಕೆ ಈಗಲೇ ಶುರು ಮಾಡಿ. "ಟ್ರೇಡ್ ಡೇಟ್ ಪ್ಲಸ್ 2" ಅಂತ ನೇರ ಸಂಖ್ಯೆ ಬರೆದಿಟ್ಟಿರೋ ಸಾಲುಗಳು ಸುಲಭ, ಗ್ರೆಪ್ ಮಾಡಿದ್ರೆ ಸಿಗುತ್ತೆ. "ರಾತ್ರಿ ಬ್ಯಾಚ್ ಮುಗಿದ ಮೇಲೆ ಬೆಳಿಗ್ಗೆ ಫೈಲ್ ಬರುತ್ತೆ" ಅಂತ ಊಹೆ ಮಾಡ್ಕೊಂಡಿರೋ ಜಾಬ್ ಶೆಡ್ಯೂಲ್‌ಗಳು ಗ್ರೆಪ್‌ಗೆ ಸಿಗಲ್ಲ. ಅಂಥವು ಪ್ಯಾರಲಲ್ ರನ್ ಮಾಡಿದಾಗಲೇ ಹೊರಗೆ ಬೀಳೋದು.

ಕಲಿಯೋಕೆ ಏನು ಅಂತ ಕೇಳಿದವರಿಗೆ: ಐಎಸ್‌ಒ 20022ರ ಸೆಸೆ ಸರಣಿಯ ಸಂದೇಶಗಳು, ಟಿ2ಎಸ್‌ನ ಹೋಲ್ಡ್ ಅಂಡ್ ರಿಲೀಸ್, ಪಾರ್ಷಿಯಲ್ ರಿಲೀಸ್ ಹೇಗೆ ಕೆಲಸ ಮಾಡುತ್ತೆ ಅನ್ನೋದು, ಎಸ್‌ಎಸ್‌ಐ ಡೇಟಾ. ಸರ್ಟಿಫಿಕೇಟ್‌ಗಿಂತ ನಿಮ್ಮ ಡೆಸ್ಕ್‌ನ ಕಳೆದ ಮೂರು ತಿಂಗಳ ಫೇಲ್‌ಗಳನ್ನು ಕಾರಣದ ಪ್ರಕಾರ ಗುಂಪು ಮಾಡಿ ನೋಡಿ, ಹೆಚ್ಚು ಕಲೀತೀರಿ.

ರಜೆ ಹಾಕೋರಿಗೆ ಒಂದು ಮಾತು. ಪಂಚಾಂಗ ನೋಡಿದೆ. 2027ರ ವಿಜಯದಶಮಿ ಅಕ್ಟೋಬರ್ 9, ಶನಿವಾರ. ಟಿ+1 ಶುರು 11, ಸೋಮವಾರ. ದಸರಾಕ್ಕೆ ಮೈಸೂರಿಗೆ ಹೋಗೋ ಪ್ಲಾನ್ ಇದ್ದೋರು ಮ್ಯಾನೇಜರ್ ಹತ್ರ ಈಗಲೇ ಮಾತಾಡಿ, ಆ ವಾರಾಂತ್ಯ ಡೆಪ್ಲಾಯ್‌ಮೆಂಟ್ ವಾರಾಂತ್ಯ. ದೀಪಾವಳಿ ಅದೇ ತಿಂಗಳ ಕೊನೇ ವಾರ. ಅಷ್ಟು ಹೊತ್ತಿಗೆ ಹೊಸ ಗಡುವಿಗೆ ಹೊಂದಿಕೊಂಡ್ವಿ ಅಂತ ಉಸಿರು ಬಿಡೋ ಹೊತ್ತಿಗೆ ಅಕ್ಟೋಬರ್ 31ರ ಭಾನುವಾರ ಯೂರೋಪಿನವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ. ನಮ್ಮ 2:30ರ ಗಡುವು 3:30 ಆಗುತ್ತೆ. ಅದರ ಮೊದಲ ಕೆಲಸದ ದಿನ ನವೆಂಬರ್ 1, ಸೋಮವಾರ. ಟಿ2ಎಸ್‌ಗೆ ಅವತ್ತು ರಜೆ ಇಲ್ಲ. ರಾಜ್ಯೋತ್ಸವದ ಕಾರ್ಯಕ್ರಮ ಇಟ್ಟುಕೊಂಡಿರೋ ಕನ್ನಡ ಬಳಗದವರು ಅದನ್ನು ಸಂಜೆಗೆ ಬೇಡ, ಭಾನುವಾರ ಬೆಳಿಗ್ಗೆಗೆ ಇಟ್ಟುಕೊಂಡ್ರೆ ಯೂರೋಪ್ ಡೆಸ್ಕ್‌ನವರೂ ಬರಬಹುದು.